ಬಾವುಟಕ್ಕೆ ಬ್ರಹ್ಮಗಂಟು

ಬಾರದ ವಿದ್ಯೆಯಿಂದ ಮನುಷ್ಯನಿಗೆ ಆಗುವ ಹಾನಿ ಕಡಿಮೆ. ಬಾರದವನು ತೆಪ್ಪಗೆ ಬದಿಗೆ ಸರಿದು ನಿಲ್ಲುತ್ತಾನೆ. ಅನಾಹುತಗಳೆಲ್ಲ ಆಗುವುದು ಅರ್ಧ ಬರುವ ವಿದ್ಯೆಯಿಂದ. ನನಗೆ ಗಂಟು ಹಾಕುವ ವಿದ್ಯೆ ಹಾಗೆ ಅರ್ಧ ಬರುತ್ತದೆ. ಹಾಕಲು ಬರುತ್ತದೆ, ಬಿಚ್ಚಲು ಬರುವುದಿಲ್ಲ. ಇದಕ್ಕೆ ನಾನೊಬ್ಬನೇ ಹೊಣೆಯಲ್ಲ. ಕದ್ರಿ ಗುಡ್ಡದ ಬದಿಯ ಸಣ್ಣದೊಂದು ಗುಡಿಯಲ್ಲಿ ಅಪ್ಪ ಪೂಜೆ ಮಾಡಿಕೊಂಡಿದ್ದರು. ಜನಿವಾರಕ್ಕೆ ಬ್ರಹ್ಮಗಂಟು ಹಾಕುವುದರಲ್ಲಿ ಅವರ ಕೈ ಹಿಡಿಯುವವರಿರಲಿಲ್ಲ. "ಹಾಕಿದ ಗಂಟು ಬಿಚ್ಚಿಕೊಂಡರೆ ಹಾಕಿದವನ ಮಾನ ಹೋದ ಹಾಗೆ" ಎಂದು ಹೇಳಿ ಹೇಳಿ ನನಗೂ ಅದನ್ನು ಕಲಿಸಿದ್ದರು. ಅಪ್ಪನ ಮಾತನ್ನು ನಾನು ನಡೆಸಿಕೊಟ್ಟದ್ದು ಬಹಳ ಕಡಿಮೆ. ಇದೊಂದನ್ನು ಮಾತ್ರ ಶ್ರದ್ಧೆಯಿಂದ ನಡೆಸಿಕೊಟ್ಟೆ, ಅದೂ ತಪ್ಪು ಜಾಗದಲ್ಲಿ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಮಂಗಳೂರಿನ ಬಂದರಿನಲ್ಲಿದ್ದ ಒಂದು ಸಹಕಾರಿ ಸಂಘದಲ್ಲಿ ನಾನು ಗುಮಾಸ್ತ. ಆ ವರ್ಷವಷ್ಟೇ ಹೆಡ್ ಕ್ಲಾರ್ಕ್ ಆಗಿದ್ದೆ. ಹುದ್ದೆ ಏರಿದವನಿಗೆ ಎಲ್ಲದರಲ್ಲೂ ಕೈ ಆಡಿಸುವ ಚಪಲ. ನಮ್ಮ ಗೋದಾಮಿನ ಅಂಗಳದಲ್ಲಿ ಆಗಸ್ಟ್ ಹದಿನೈದಕ್ಕೆ ಬಾವುಟ ಹಾರಿಸುವ ಪದ್ಧತಿ ಉಂಟು. ಹೂವಿನ ಎಸಳು ತುಂಬಿಸಿ, ಬಾವುಟವನ್ನು ಮಡಚಿ, ಬಿದಿರಿನ ಕಂಬದ ತುದಿಗೆ ಕಟ್ಟಿಡುವ ಕೆಲಸ ವರ್ಷ ವರ್ಷವೂ ಗೋದಾಮಿನ ಕಾವಲುಗಾರ ಉಮರಬ್ಬ ಬ್ಯಾರಿಗಳದ್ದು. ನಮ್ಮ ಕರಾವಳಿಯ ಬ್ಯಾರಿ ಮುಸಲ್ಮಾನರಾದ ಅವರು ಪ್ರಾಯದಲ್ಲಿ ಮಂಜಿಯಲ್ಲಿ, ಅಂದರೆ ಹಾಯಿ ಕಟ್ಟಿದ ದೊಡ್ಡ ಸರಕಿನ ದೋಣಿಯಲ್ಲಿ, ಸಮುದ್ರದ ಮೇಲೆ ದುಡಿದವರು. ನಾನು ಅವರನ್ನು ಕರೆದು, "ಬ್ಯಾರಿಗಳೇ, ಈ ಸಲ ನಿಮಗೆ ರಜೆ. ಗಂಟು ಅಂದರೆ ನಮ್ಮ ಕುಲವಿದ್ಯೆ. ನಾನೇ ಕಟ್ಟುತ್ತೇನೆ" ಎಂದೆ. ಅವರು ಬಿಳಿ ಗಡ್ಡ ನೀವಿಕೊಂಡು, "ಆಯ್ತು ಭಟ್ರೇ. ಆದ್ರೆ ಮಳೆಗಾಲ, ಹಗ್ಗ ಉಬ್ಬುತ್ತದೆ, ನೋಡಿಕೊಳ್ಳಿ" ಎಂದರು. ಕಾವಲುಗಾರರಿಂದ ಹೆಡ್ ಕ್ಲಾರ್ಕಿಗೆ ಪಾಠವೇ ಎಂದು ನಾನು ನಕ್ಕೆ. ಆ ನಗುವನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಹದಿನಾಲ್ಕರ ಸಂಜೆ ಮನೆಯಂಗಳದ ಮಲ್ಲಿಗೆ, ಕೇಪಳ ಎಲ್ಲವನ್ನೂ ತಂದು ಬಾವುಟದೊಳಗೆ ತುಂಬಿಸಿದೆ. ಮೂರು ಸುತ್ತು ಸುತ್ತಿ, ಅಪ್ಪನನ್ನು ನೆನೆದು, ಸಾಕ್ಷಾತ್ ಬ್ರಹ್ಮಗಂಟನ್ನೇ ಹಾಕಿ ಕಂಬ ನಿಲ್ಲಿಸಿದೆ. ರಾತ್ರಿಯಿಡೀ ಮಳೆ ಹೊಡೆಯಿತು. ಬೆಳಿಗ್ಗೆ ಮಳೆ ಬಿಟ್ಟಿತ್ತು, ಕಂಬದ ಬುಡದಲ್ಲಿ ಮಾತ್ರ ಕೆಂಪು ಕೆಸರಿನ ಹೊಂಡ. ಸಂಘದ ಅಧ್ಯಕ್ಷರಾದ ಶೆಟ್ಟರು ಗರಿಗರಿ ಖಾದಿ ಉಟ್ಟು ಬಂದರು. ಹಂಪನಕಟ್ಟೆಯಲ್ಲಿ ಹೋಟೆಲು ನಡೆಸುವ ದೊಡ್ಡ ಕುಳ ಅವರು, ಕೈಯಲ್ಲಿ ಬಲವೂ ಇತ್ತು. ಹಗ್ಗ ಎಳೆದರು. ಬಾವುಟ ಅಲುಗಲಿಲ್ಲ. ಮತ್ತೊಮ್ಮೆ ಎಳೆದರು. ಕಂಬ ಬಗ್ಗಿ ನಮಗೆಲ್ಲ ನಮಸ್ಕಾರ ಮಾಡಿತು, ಗಂಟು ಜಪ್ಪಯ್ಯ ಅಂದರೂ ಸಡಿಲಲಿಲ್ಲ. "ಎಂತ ಭಟ್ರೇ ಇದು, ಬಾವುಟ ಕಟ್ಟಿದ್ದಾ, ಹೆಣ್ಣು ಧಾರೆ ಎರೆದು ಕೊಟ್ಟದ್ದಾ?" ಎನ್ನುತ್ತಾ ಶೆಟ್ಟರು ಎರಡೂ ಕೈ ಹಾಕಿ ಜಗ್ಗಿದರು. ಮೂರನೆಯ ಎಳೆತಕ್ಕೆ ಬಾವುಟ ಬಿಚ್ಚಿಕೊಂಡೇ ಬಿಟ್ಟಿತು ಎಂದುಕೊಂಡ ನಮ್ಮ ಟೈಪಿಸ್ಟ್ ಬಾಯಮ್ಮ, ಇಗರ್ಜಿಯ ಪ್ರಾರ್ಥನೆಯಲ್ಲಿ ಹಾಡಿ ಪಳಗಿದ ಗಂಟಲಲ್ಲಿ ರಾಷ್ಟ್ರಗೀತೆ ಎತ್ತಿಕೊಂಡರು.

ರಾಷ್ಟ್ರಗೀತೆ ಸುರುವಾದ ಮೇಲೆ ಮಿಸುಕಾಡುವ ಹಾಗಿಲ್ಲ. ಶೆಟ್ಟರು ಹಗ್ಗ ಬಿಟ್ಟು ನೆಟ್ಟಗೆ ನಿಂತರು. ನಾವು ಮೂವತ್ತು ಜನ ಮೊಳೆ ಹೊಡೆದ ಹಾಗೆ ನಿಂತೆವು. ತಲೆ ಎತ್ತಿ ನೋಡುತ್ತೇನೆ, ಗಂಟು ಭದ್ರವಾಗಿಯೇ ಉಂಟು, ಅದರ ಮೇಲಿನ ಹಳೆಯ ಹಗ್ಗ ಒಂದೊಂದೇ ಎಳೆ ಬಿಡುತ್ತಾ ಇದೆ. ಬಾವುಟದ ಗಂಟುಮೂಟೆ ಒಂದು ಗೇಣು ಕೆಳಗೆ ಬಂತು. ಕೆಳಗೆ ಕೆಸರು. ಓಡಿ ಹಿಡಿದರೆ ರಾಷ್ಟ್ರಗೀತೆಗೆ ಅವಮಾನ, ಹಿಡಿಯದಿದ್ದರೆ ಬಾವುಟಕ್ಕೆ ಅವಮಾನ. ನಿಯಮ ಬಲ್ಲವನಾದ ನಾನು ನಿಯಮದ ಪ್ರಕಾರ ನಿಂತೇ ಇದ್ದೆ. ಕೊನೆಯ ಎಳೆ ಕಡಿಯಿತು. ಆಗ ಹಿಂದಿನ ಸಾಲಿನಿಂದ ಎಪ್ಪತ್ತರ ಹತ್ತಿರದ ಉಮರಬ್ಬ ಬ್ಯಾರಿಗಳು ಲುಂಗಿ ಎತ್ತಿ ಕಟ್ಟಿ ಓಡಿಬಂದು, ಮೊಣಕಾಲ ತನಕ ಹೊಂಡಕ್ಕಿಳಿದು, ಎರಡೂ ತೋಳು ಚಾಚಿ ಬಾವುಟವನ್ನು ಹಿಡಿದುಬಿಟ್ಟರು. ಹಿಡಿದವರು ಅದನ್ನು ಎದೆಗೊತ್ತಿಕೊಂಡು ಆ ಕೆಸರಿನಲ್ಲೇ ನೆಟ್ಟಗೆ ನಿಂತು, ಹಾಡು ಮುಗಿಯುವವರೆಗೂ ಅಲುಗಲಿಲ್ಲ.

ನನ್ನ ಕುಲವಿದ್ಯೆಯನ್ನು ಬಿಚ್ಚಲು ಅವರಿಗೆ ಗೋದಾಮಿನ ಬೀಗದ ಕೈ ಮತ್ತು ಹತ್ತು ನಿಮಿಷ ಬೇಕಾಯಿತು. ಶೆಟ್ಟರು ಗಡಿಯಾರ ನೋಡುತ್ತಿದ್ದರು. ನಾನು ನೆಲ ನೋಡುತ್ತಿದ್ದೆ. ಕಂಬ ಇಳಿಸಿ, ಹೊಸ ಹಗ್ಗ ಹಾಕಿ, ಬ್ಯಾರಿಗಳು ಅರ್ಧ ನಿಮಿಷದಲ್ಲಿ ತಮ್ಮ ಗಂಟು ಹಾಕಿದರು. ಈ ಸಲ ಶೆಟ್ಟರು ಎರಡು ಬೆರಳಲ್ಲಿ ಎಳೆದದ್ದೇ ತಡ, ಬಾವುಟ ಬಿಚ್ಚಿಕೊಂಡಿತು. ಒದ್ದೆ ಮಲ್ಲಿಗೆ ಶೆಟ್ಟರ ಬೋಳುತಲೆಗೆ ಅಂಟಿತು. ಬಾಯಮ್ಮ ಮತ್ತೊಮ್ಮೆ ಮೊದಲಿನಿಂದ ಹಾಡಿದರು.

ಗೋಳಿಬಜೆ, ಕಾಪಿ ಎಲ್ಲ ಮುಗಿದ ಮೇಲೆ ನಾನು ಗೋದಾಮಿನ ಮಾಡಿನಡಿ ಕಾಲು ತೊಳೆಯುತ್ತಿದ್ದ ಬ್ಯಾರಿಗಳ ಹತ್ತಿರ ಹೋದೆ. "ತಪ್ಪಾಯ್ತು ಬ್ಯಾರಿಗಳೇ" ಎಂದೆ. ಅವರು ಬೈಯಲಿಲ್ಲ. "ಸ್ವಾತಂತ್ರ್ಯ ಬಂದ ಹೊಸತರಲ್ಲಿ ಒಮ್ಮೆ ನಮ್ಮ ಮಂಜಿ ಹಾಯಿ ಹರಿದು ಎಲ್ಲೆಲ್ಲಿಯೋ ಹೋಯ್ತು ಭಟ್ರೇ" ಎಂದರು. "ಕುಡಿಯುವ ನೀರು ಮುಗಿದಿತ್ತು. ಕಡೆಗೆ ಅರಬರ ಒಂದು ಬಂದರು ಕಂಡಿತು. ನಾವು ಯಾರು, ಎಂತ ಅಂತ ಅವರಿಗೆ ಎಂತ ಗೊತ್ತು? ಬ್ಯಾರಿ ಅಂದ್ರೆ ಗೊತ್ತಿಲ್ಲ, ಮಂಗಳೂರು ಅಂದ್ರೂ ಗೊತ್ತಿಲ್ಲ. ಮಂಜಿಯ ಮೇಲೆ ಈ ಬಾವುಟ ಇತ್ತು. ಅದನ್ನು ನೋಡಿ 'ಹಿಂದೀ, ಹಿಂದೀ' ಅಂತ ಕೂಗಿ ನೀರು ತಂದುಕೊಟ್ಟರು. ಹಿಂದೀ ಅಂದ್ರೆ ನಮ್ಮ ದೇಶದವರು ಅಂತ ಅವರ ಲೆಕ್ಕ. ಅಷ್ಟು ದೂರದಲ್ಲಿ ನನಗೆ ನೀರು ಕೊಡಿಸಿದ್ದು ಇದು ಮಾರಾಯ್ರೆ. ಇದನ್ನು ಕೆಸರಿಗೆ ಬೀಳ್ಲಿಕ್ಕೆ ಬಿಡ್ಲಿಕ್ಕೆ ಉಂಟಾ?"

ದೇಶದ ಮೇಲೆ ಅಭಿಮಾನ ನನಗೂ ಇತ್ತು. ಭಾಷಣ ಬರೆದುಕೊಡುವಷ್ಟು ಇತ್ತು. ಶೆಟ್ಟರು ಆ ದಿನ ಓದಿದ್ದು ನಾನು ಬರೆದುಕೊಟ್ಟದ್ದನ್ನೇ. ಆದರೆ ಬಾವುಟಕ್ಕೆ ಋಣಿಯಾದ ಒಬ್ಬ ಮನುಷ್ಯನನ್ನು ನಾನು ಕಂಡದ್ದು ಅದೇ ಮೊದಲು. ನನ್ನ ಮಾನವನ್ನೂ ಬಾವುಟದ ಮಾನವನ್ನೂ ಒಂದೇ ಹಿಡಿತದಲ್ಲಿ ಉಳಿಸಿದ ಆ ತೋಳುಗಳಿಗೆ ನಾನೂ ಋಣಿ. ಆ ಋಣ ಇವತ್ತಿಗೂ ತೀರಿಲ್ಲ, ತೀರಿಸುವ ಆತುರವೂ ನನಗಿಲ್ಲ.

"ಆ ಗಂಟು ನನಗೆ ಕಲಿಸಿಕೊಡಿ" ಎಂದೆ. ಕಲಿಸಿದರು. ಗಟ್ಟಿ ಹಿಡಿಯಬೇಕು, ಕರೆದ ಕೂಡಲೇ ಬಿಡಬೇಕು, ಅಂಥ ಗಂಟು ಅದು. ಹಿಡಿಯುವುದು ಮಾತ್ರ ಗೊತ್ತಿದ್ದ ನನಗೆ ಅದು ಕೈಗೆ ಹತ್ತಲು ತಿಂಗಳುಗಟ್ಟಲೆ ಹಿಡಿಯಿತು. ಮನೆಯಲ್ಲಿ ಬಟ್ಟೆ ಒಣಗಿಸುವ ಹಗ್ಗದ ಮೇಲೆ ಅಭ್ಯಾಸ ಮಾಡಿದೆ. ಕಾಗೆಯೊಂದು ಬಂದು ಕೂತದ್ದಕ್ಕೇ ಗಂಟು ಬಿಟ್ಟುಕೊಂಡು, ಒಗೆದ ಸೀರೆಗಳೆಲ್ಲ ಅಂಗಳದ ಕೆಸರಿಗೆ ಬಿದ್ದವು. "ನಿಮ್ಮ ದೇಶಭಕ್ತಿಗೆ ನನ್ನ ಸೀರೆಯೇ ಆಗಬೇಕಾ?" ಎಂದು ಕೇಳಿದ ಹೆಂಡತಿ ಎರಡು ದಿನ ಮಾತು ಬಿಟ್ಟಳು.

ಮರುವರ್ಷ ಬ್ಯಾರಿಗಳೇ ಹಗ್ಗವನ್ನು ನನ್ನ ಕೈಗೆ ಕೊಟ್ಟು, "ಈ ಸಲ ನೀವೇ ಕಟ್ಟಿ ಭಟ್ರೇ. ನಿಮಗೆ ಬಂದಿದೆ, ನನಗೆ ಧೈರ್ಯ ಉಂಟು" ಎಂದರು. ನನಗೆ ಕಣ್ಣಲ್ಲಿ ನೀರೇ ಬಂತು. ಬೆಳಿಗ್ಗೆ ಶೆಟ್ಟರು ಅನುಮಾನದಿಂದಲೇ ಹಗ್ಗ ಮುಟ್ಟಿದರು. ಒಂದೇ ಎಳೆತ, ಬಾವುಟ ಅಗಲವಾಗಿ ಬಿಚ್ಚಿಕೊಂಡು ಸಮುದ್ರದ ಗಾಳಿಗೆ ಹಾರಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಕೀರ್ತಿಯನ್ನು ಬ್ಯಾರಿಗಳ ಮುಖದಲ್ಲಿ ಕಾಣೋಣವೆಂದು ಹೆಮ್ಮೆಯಿಂದ ಹಿಂದಿನ ಸಾಲಿನತ್ತ ತಿರುಗಿದೆ. ಅವರು ಅಲ್ಲಿರಲಿಲ್ಲ. ಕಂಬದ ಬುಡದಲ್ಲಿ, ಲುಂಗಿ ಎತ್ತಿ ಕಟ್ಟಿ, ಎರಡೂ ತೋಳು ಚಾಚಿಕೊಂಡು ಮೊದಲೇ ನಿಂತಿದ್ದರು. ನಾನು ತುಂಬಿಸಿದ್ದ ಮಲ್ಲಿಗೆಯೆಲ್ಲ ಅವರ ತೋಳಿನೊಳಗೇ ಬಿದ್ದಿತ್ತು.