ಬಚ್ಚಲುಮನೆಯ ಜನಮತ

ಟೀವಿಯಲ್ಲಿ ಕೂತು ಇಡೀ ದೇಶದ ಮನಸ್ಸನ್ನು ಅಂಗೈ ನೆಲ್ಲಿಕಾಯಿಯಂತೆ ತೋರಿಸುವ ಸಮೀಕ್ಷಾ ಪಂಡಿತರಿಗೆ ಸ್ವಂತ ಮನೆಯ ಬಚ್ಚಲು ಮಾತ್ರ ಬೆಳಗಿನ ಹೊತ್ತು ದಕ್ಕುತ್ತಿರಲಿಲ್ಲ. ತಾಯಿ, ಹೆಂಡತಿ, ಮಗಳು ಒಬ್ಬರ ಹಿಂದೊಬ್ಬರು ಒಳಹೊಕ್ಕರೆ, ಪಂಡಿತರು ಹೆಗಲಿಗೆ ಟವೆಲ್ ಹಾಕಿಕೊಂಡು ದ್ವಾರಪಾಲಕರಾಗುತ್ತಿದ್ದರು. ಭಾನುವಾರ ಹೊಸ ಸಂವಿಧಾನಕ್ಕೆ ದೇಶ ಮತ ಹಾಕುವ ದಿನ. ಬೆಳಿಗ್ಗೆಯೇ ಅವರ ನೇರಪ್ರಸಾರ. ಅಂದಾದರೂ ಮಿಂದು ಹೋಗಬೇಡವೇ?

ಸರಿ, ಮನೆಗೂ ಒಂದು ಸಂವಿಧಾನ ಬರೆದರು. ಮೊದಲ ವಿಧಿ: ಬಚ್ಚಲಿನ ಮೊದಲ ಸರದಿ ಯಜಮಾನನದು. ಕೊನೆಯ ವಿಧಿ: ಎಲ್ಲರೂ ಒಪ್ಪಿದರಷ್ಟೇ ಜಾರಿ. (ಪ್ರಜಾಪ್ರಭುತ್ವವೆಂದರೆ ಪಂಡಿತರಿಗೆ ಪ್ರಾಣ, ಸೋಲುವ ಭಯವಿಲ್ಲದಾಗ ಇನ್ನೂ ಹೆಚ್ಚು.)

ಶನಿವಾರದ ಮನೆ ಮತದಾನಕ್ಕೆ ಮುಂಚೆ ಸಮೀಕ್ಷೆ ನಡೆಯಿತು. ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದರು.

“ಅಮ್ಮಾ, ಒಪ್ಪಿಬಿಡು. ಈ ಭಾನುವಾರ ಒಂದು ಬಿಟ್ರೆ, ಮುಂದೆಲ್ಲ ಮೊದಲ ಸರದಿ ನಿಂದೇ.”

“ನನ್ನ ಬಂಗಾರ!” ಎಂದರು ತಾಯಿ.

ಹೆಂಡತಿಯ ಮೂಗಿಗೂ ಅದೇ ತುಪ್ಪ ಸವರಿದರು, ಮಗಳ ಮೂಗಿಗೂ ಅದೇ. ಮೂವರೂ ಹೂಂ ಅಂದರು. ಪಂಡಿತರು ಹಿಗ್ಗಿ ಹೀರೇಕಾಯಿಯಾಗಿ ಫ್ರಿಜ್ ಬಾಗಿಲಿಗೆ ಶೀರ್ಷಿಕೆ ಅಂಟಿಸಿದರು: ‘ನೂರಕ್ಕೆ ನೂರು ಬೆಂಬಲ!’

ಆದರೆ ಮನೆಯಲ್ಲೂ ಮಾಧ್ಯಮ ಎಂಬುದೊಂದಿದೆ ಎನ್ನುವುದನ್ನು ಮರೆತಿದ್ದರು. ಅದು ಅವರ ತಾಯಿ. ಅಡುಗೆಮನೆಯಿಂದ ದಿನವಿಡೀ ಪ್ರಸಾರ, ನಡುವೆ ಜಾಹೀರಾತೂ ಇಲ್ಲ.

“ನನ್ನ ಮಗನಂಥವನು ಸಿಗಲ್ಲ ಕಣೇ. ಮೊದಲ ಸರದಿ ನಂಗೇ ಅಂದ!”

ಸೊಸೆಯ ಕೈಯಲ್ಲಿನ ಸೌಟು ನಿಂತಿತು. “ನಂಗೂ ಹಾಗೇ ಅಂದ್ರಲ್ಲ ಅತ್ತೆ?”

“ಮತ್ತೆ ನಂಗೆ ಹೇಳಿದ್ದು?” ಎಂದಳು ಮಗಳು.

ಶನಿವಾರ ಸಂಜೆ ಸಭೆ ಸೇರಿತು. ಹೆಂಡತಿ ನಗುನಗುತ್ತಲೇ ಶುರುಮಾಡಿದಳು. “ಒಂದೇ ಒಂದು ತಿದ್ದುಪಡಿ ರೀ. ಗುಟ್ಟಾಗಿ ಕೊಟ್ಟ ಮಾತೆಲ್ಲ ನಾಳೆಯಿಂದಲೇ ಜಾರಿ. ಮೊದಲ ಸರದಿ ಯಾರದು ಅಂತ ನಾವು ಮೂವರು ಮಾತಾಡ್ಕೋತೀವಿ. ಕೊನೇದು ಮಾತ್ರ ನಿಮ್ದೇ, ಯಾರೂ ಕಿತ್ಕೊಳ್ಳಲ್ಲ.”

“ನಾನು ಒಪ್ಪಲ್ಲ!”

“ನೂರಕ್ಕೆ ನೂರು ಅಂತ ನೀನೇ ಅಂಟಿಸಿದ್ದೀಯಲ್ಲೋ! ನಾನು ಬೀದಿಗೆಲ್ಲ ಹೇಳಿಯಾಯ್ತು,” ಎಂದಿತು ಮಾಧ್ಯಮ.

ತನ್ನ ಸಮೀಕ್ಷೆ ಸುಳ್ಳಾಗುವುದನ್ನು ಯಾವ ಪಂಡಿತ ತಾನೇ ಸಹಿಸಿಯಾನು? ಪಾಪ, ಕೈ ಎತ್ತಿದರು. ಸಂವಿಧಾನಕ್ಕೆ ಸರ್ವಾನುಮತದ ಒಪ್ಪಿಗೆ ಸಿಕ್ಕಿತು.

ಭಾನುವಾರ ಚಾನೆಲ್ಲಿನ ಕಾರು ಬಾಗಿಲಲ್ಲಿ ಹಾರನ್ ಹೊಡೆಯುತ್ತಿತ್ತು. ಪಂಡಿತರು ಟವೆಲ್ ಸಮೇತ ಬಚ್ಚಲ ಬಾಗಿಲು ತಟ್ಟಿದರು.

“ಮಗಳೇ, ಇನ್ನೂ ಎಷ್ಟು ಹೊತ್ತು?”

ನೀರಿನ ಸದ್ದಿನ ನಡುವೆ ಉತ್ತರ ಬಂತು. “ಇದು ಆರಂಭಿಕ ಹಂತ ಅಪ್ಪಾ, ಈಗಲೇ ಏನೂ ಹೇಳೋಕಾಗಲ್ಲ. ನೋಡ್ತಾ ಇರಿ!”