ಮಗ್ಗದ ಪಕ್ಕದ ನಮ್ಮ ಚರ್ಚು

ದೇವರ ಕೆಲಸದಲ್ಲಿ ನಗಬಾರದು ಅಂತ ನಮ್ಮವ್ವ ಹೇಳ್ತಿದ್ದಳು. ಏನು ಮಾಡೋದು, ನಾನು ಚರ್ಚ್ ಕಮಿಟಿ ಕಾರ್ಯದರ್ಶಿ ಆದಾಗಿನಿಂದ ನಗೋಂಥದ್ದೇ ಆಗ್ತಾ ಬಂದಿದೆ.

ನಾವೆಲ್ಲ ಬಾಶೆಟ್ಟಿಹಳ್ಳಿ ಫ್ಯಾಕ್ಟರಿಗಳಿಗೆ ಕೆಲಸಕ್ಕೆ ಬಂದು, ಪಕ್ಕದ ಹಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದ ಕ್ರೈಸ್ತರು. ಫಾದರ್ ದೊಡ್ಡಬಳ್ಳಾಪುರದಿಂದ ಭಾನುವಾರ ಮಾತ್ರ ಸ್ಕೂಟರಲ್ಲಿ ಬಂದು ಪೂಜೆ ಮಾಡಿ ಹೋಗೋರು. ಸಾಯೋರೂ ಕೊನೇ ಪ್ರಾರ್ಥನೆಗೆ ಭಾನುವಾರದವರೆಗೆ ಕಾಯಬೇಕು. ನಮ್ಮವ್ವ ಕಾಯಲಿಲ್ಲ, ಬುಧವಾರ ಹೋದಳು. ಫಾದರ್ ಬರೋ ಹೊತ್ತಿಗೆ ಉಸಿರು ನಿಂತಿತ್ತು. ಆ ನೋವು ನನಗೆ ಇವತ್ತಿಗೂ ಇದೆ. ಅದಕ್ಕೇ ಇಲ್ಲೇ ಇರೋ ಫಾದರನ್ನ ಕೊಡಿ ಅಂತ ಬಿಷಪ್‌ಗೆ ಅರ್ಜಿ ಮೇಲೆ ಅರ್ಜಿ ಹಾಕ್ತಿದ್ದೆ.

ಮಗ್ಗ

ನಮ್ಮ ಮೊದಲ ಚರ್ಚು ಅಂದರೆ ಊರಿನ ಮಗ್ಗದ ಯಜಮಾನರ ಗೋಡೌನು. ನೂಲಿನ ಮೂಟೆ ಮೂಲೆಗೆ ತಳ್ಳಿ, ಮೇಜು ಹಾಕಿ, ಶಿಲುಬೆ ಇಟ್ಟೆವು. ಗೋಡೆ ಆಚೆ ಅವರ ಪವರ್‌ಲೂಮು. ಯಜಮಾನರು ಹಿಂದೂಗಳು, ಒಳ್ಳೇ ಮನುಷ್ಯ. ಪೂಜೆಗೆ ಅಂತ ಒಂದು ಗಂಟೆ ಮಗ್ಗ ನಿಲ್ಲಿಸೋರು.

ಒಂದು ಭಾನುವಾರ ಫಾದರ್ ತಾಳ್ಮೆಯ ಬಗ್ಗೆ ಪ್ರಸಂಗ ಶುರು ಮಾಡಿದರು, ಮುಗಿಸಲೇ ಇಲ್ಲ. ಗಂಟೆ ಆಗಿದ್ದೇ ತಡ, ಆಚೆ ಮಗ್ಗಗಳೆಲ್ಲ ಒಟ್ಟಿಗೆ ಟಕಟಕ ಅಂದವು. ಫಾದರ್ ಬಾಯಿ ಆಡೋದು ಕಾಣುತ್ತೆ, ಮಾತು ಕೇಳಲ್ಲ. ಆಮೇಲೆ ನಾನು ಹೋಗಿ, "ಏನ್ ಯಜಮಾನ್ರೇ, ಇನ್ನೈದು ನಿಮಿಷ ತಡೀಬಾರ್ದಿತ್ತಾ?" ಅಂದೆ.

"ತಡೀತಿದ್ದೆ ಕಣಪ್ಪಾ. ನಿಮ್ಮೋರೇ ನಾಲ್ಕು ಜನ ಎದ್ದು ಬಂದು, ಆನ್ ಮಾಡಿ ಯಜಮಾನ್ರೇ ಅಂದ್ರು."

ಹಾಡು

ಸಂಸಾರಗಳು ಹೆಚ್ಚಿದ ಹಾಗೆ ಭಾಷೆಗಳೂ ಹೆಚ್ಚಿದವು. ಕ್ರಿಸ್‌ಮಸ್ ಹಾಡು ತಮಿಳಿನಲ್ಲಾ, ತೆಲುಗಿನಲ್ಲಾ, ಕನ್ನಡದಲ್ಲಾ ಅಂತ ಜಗಳ. ರಾಗ ಒಂದೇ ಇರಲಿ, ಅವರವರ ಭಾಷೇಲಿ ಒಟ್ಟಿಗೆ ಹಾಡಿ ಅಂತ ನಾನೇ ತೀರ್ಪು ಕೊಟ್ಟೆ. ಹಾಡಿದರು, ಒಬ್ಬರಿಗಿಂತ ಒಬ್ಬರು ಗಟ್ಟಿಯಾಗಿ.

"ದೇವರಿಗೆ ಎಲ್ಲಾ ಭಾಷೆನೂ ಬರುತ್ತೆ ಅಲ್ವಾ ಫಾದರ್?" ಅಂದೆ.

"ಬರುತ್ತಪ್ಪಾ. ಕಿವಿನೂ ಇದೆ," ಅಂದರು.

ಬಿಷಪ್ ಬಂದರು

ಕೊನೆಗೂ ಬಿಷಪ್ ಬರ್ತೀನಿ ಅಂದರು. ಜನ ಎಷ್ಟಿದ್ದಾರೆ ಅಂತ ಕಣ್ಣಾರೆ ನೋಡಿ, ಆಮೇಲೆ ಫಾದರ್ ವಿಷಯ ತೀರ್ಮಾನ. ಅದೇ ಭಾನುವಾರ ಫ್ಯಾಕ್ಟರಿಯಲ್ಲಿ ಅರ್ಜೆಂಟ್ ಆರ್ಡರು, ಬೆಳಗಿನ ಪಾಳಿಗೆ ಎಲ್ಲರೂ ಬರಬೇಕಂತೆ. ಪಾಳಿ ಬಿಡೋದು ಎರಡಕ್ಕೆ, ಪೂಜೆನೂ ಎರಡಕ್ಕೆ. ಖಾಲಿ ಗೋಡೌನು ತೋರಿಸಿದರೆ ಮುಗೀತು ನಮ್ಮ ಕಥೆ. ತಲೆ ಮೇಲೆ ಕೈ ಹೊತ್ತು ಕೂತೆ.

ಯಜಮಾನರು ನೋಡಿ, "ಯೋಚ್ನೆ ಬಿಡಪ್ಪಾ, ನಾನ್ ನೋಡ್ಕೋತೀನಿ," ಅಂದರು.

ನೋಡಿಕೊಂಡರು. ನಾನೊಬ್ಬ ರಜೆ ಹಾಕಿ ಬಾಗಿಲಲ್ಲಿ ನಿಂತಿದ್ದೆ. ಬಿಷಪ್ ಬಂದಾಗ ಗೋಡೌನು ಭರ್ತಿ. ಊರಿಗೆ ಊರೇ ಬಂದು ಕೂತಿತ್ತು, ಹಣೆ ತುಂಬ ವಿಭೂತಿ, ಕುಂಕುಮ. ಬಿಷಪ್ ಒಂದು ಗಳಿಗೆ ದಿಟ್ಟಿಸಿ ಪೂಜೆ ಶುರು ಮಾಡಿದರು. ಅಷ್ಟರಲ್ಲಿ ಫ್ಯಾಕ್ಟರಿ ಬಸ್ಸು ಬಂತು. ನಮ್ಮವರಿಗೆ ಒಳಗೆ ಕಾಲಿಡೋಕೂ ಜಾಗ ಇಲ್ಲ, ಯೂನಿಫಾರಂನಲ್ಲೇ ಬಿಸಿಲಲ್ಲಿ ನಿಂತರು. ಬಿಷಪ್ ಪ್ರಾರ್ಥನೆ ಹೇಳಿದರೆ ಒಳಗೆ ಎಲ್ಲರೂ ಗಪ್‌ಚುಪ್, ಉತ್ತರ ಬರೋದು ಕಿಟಕಿ ಆಚೆಯಿಂದ.

ಪೂಜೆ ಮುಗಿಸಿ ಬಿಷಪ್, "ಒಳಗಿರೋರು ಯಾಕೆ ಬಾಯೇ ಬಿಡಲಿಲ್ಲ?" ಅಂತ ಕೇಳಿದರು.

ಯಜಮಾನರು ಎದ್ದು ಕೈ ಮುಗಿದರು. "ನಾವು ಊರಿನೋರು ಸ್ವಾಮಿ. ನಿಮ್ಮೋರು ಆಚೆ ನಿಂತವ್ರೆ."

"ಇವರಿಗೆ ಫಾದರ್ ಸಿಕ್ಕರೆ ನಿಮಗೇನು?"

"ಅಲ್ಲ ಸ್ವಾಮಿ, ದೇವ್ರನ್ನ ಊರೊಳಗೆ ತಂದು ಕೂರಿಸಿದ್ದಾಯ್ತು. ವಾರಕ್ಕೊಂದ್ ದಿನ ಪೂಜೆ, ಆರ್ ದಿನ ಬೀಗ. ನಿತ್ಯಪೂಜೆ ಇಲ್ದಿರೋ ದೇವ್ರನ್ನ ಇಟ್ಕೊಂಡ್ರೆ ಊರಿಗೆ ಒಳ್ಳೇದಾಗುತ್ತಾ? ಆಮೇಲೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರು ಜವಾಬ್ದಾರಿ, ನೀವಾ?"

ಬಿಷಪ್ ಕಿಟಕಿಯಲ್ಲಿ ಇಣುಕ್ತಿದ್ದ ನಮ್ಮವರ ಕಡೆ ತಿರುಗಿ, "ಮುಂದಿನ ತಿಂಗಳು ಫಾದರನ್ನ ಕಳಿಸ್ತೀನಿ," ಅಂದರು. "ನಿಮ್ಮ ಅರ್ಜಿ ಇನ್ನೂ ನನ್ನ ಮೇಜಿನ ಮೇಲೇ ಇದೆ. ಫಾದರ್ ಬರ್ತಿರೋದು ಈ ಯಜಮಾನರ ಅರ್ಜಿಗೆ."