ಉಂಡವರ ಮೇಲೆ ಅಪೀಲು

ಎದುರಾಳಿಯ ಹೊಟ್ಟೆ ತುಂಬಿದೆಯೋ ಇಲ್ಲವೋ ವಿಚಾರಿಸದೆ ಜಗಳವನ್ನೇ ಶುರು ಮಾಡದ ಮಹಾನುಭಾವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಶಿಗ್ಲಿಯಲ್ಲಿರುವ ನನ್ನ ಸೋದರಮಾವ!

ಲಕ್ಷ್ಮೇಶ್ವರದ ಹತ್ತಿ ಮಿಲ್ಲಿನ ಯಂತ್ರ ಅವರ ಬಲಗೈಯ ಮೂರು ಬೆರಳು ನುಂಗಿತು. ಕೆಲವು ದಿನ ಕಳೆದು ಮಾಲೀಕರು ರಾಜಿ ಪತ್ರ ಹಿಡಿದು ಮನೆಗೆ ಬಂದರೆ ಈ ಪುಣ್ಯಾತ್ಮ ಮಾಡಿದ್ದೇನು? ಹೋಳಿಗೆ ಮಾಡಿಸಿ ಉಣಬಡಿಸಿದರು! ಮಾಲೀಕರು ತೇಗಿ ಕಾಗದ ಮುಂದಿಟ್ಟರು. ಮಾವ ಎಡಗೈಯಿಂದ ಸೊಟ್ಟಗೆ ಸಹಿ ಹಾಕಿದರು.

"ಓದಿ ನೋಡಬಾರದೇನ್ರಿ ಮಾವಾ?" ಎಂದು ಸಿಡುಕಿದೆ.

"ಉಂಡು ಕುಂತಾವ್ರಿಗೆ ಒಲ್ಲೆ ಅನ್ನೂದು ಹೆಂಗಲೇ ತಮ್ಮಾ?"

ಒಂದೂವರೆ ವರ್ಷದ ಮೇಲೆ ಡಾಕ್ಟರು, ಇನ್ನೊಂದು ಆಪರೇಷನ್ ಆಗದಿದ್ದರೆ ಉಳಿದ ಬೆರಳುಗಳೂ ಮರಗಟ್ಟುತ್ತವೆ ಎಂದರು. ರಾಜಿಯಲ್ಲಿ ಬಂದದ್ದು ಅಷ್ಟರಲ್ಲಿ ಔಷಧಿಗೇ ಕರಗಿತ್ತು. ಹೆಚ್ಚಿನ ಹಣ ಬೇಕಾದರೆ, ಕೆಳಗಿನ ಕೋರ್ಟು ಆ ರಾಜಿಗೆ ಒತ್ತಿದ ಮುದ್ರೆಯ ಮೇಲೆ ಅಪೀಲು ಹಾಕಬೇಕು, ಅದರ ಗಡುವು ಮುಗಿದು ಯಾವ ಕಾಲವಾಗಿತ್ತೋ! ಕೋರ್ಟು ತಡವನ್ನು ಮನ್ನಿಸಿದರೆ ಕೈ ಉಂಟು, ಇಲ್ಲದಿದ್ದರೆ ಇಲ್ಲ.

"ತಡ ಯಾಕಾತು ಅಂತ ಬರೀಲ್ರಿ ಕಾಕಾ? ಕಾಮಾಲಿ ಆಗಿತ್ತು ಅನ್ನೂಣು?" ಎಂದರು ಗದಗಿನ ವಕೀಲರು.

"ಆಗಿಲ್ಲಲ್ರಿ."

"ತಾಯಿ ತೀರಿಕೊಂಡಿದ್ರು?"

"ಆಕಿ ಹೋಗಿ ಭಾಳ ವರ್ಷಾತ್ರಿ. ಮತ್ತೊಮ್ಮೆ ಸಾಯಸ್ತೀರೇನು?"

ನಿಜವಾದ ಕಾರಣ ಕೇಳಿ ವಕೀಲರು ತಲೆಯ ಮೇಲೆ ಕೈ ಹೊತ್ತರು. ಮನೆಯಲ್ಲಿ ಉಂಡವರ ಮೇಲಾಗಲಿ, ತಮಗೆ ಉಣಿಸಿದವರ ಮೇಲಾಗಲಿ ವರ್ಷ ತುಂಬುವತನಕ ತಕರಾರು ಮಾಡಬಾರದೆಂಬುದು ಮಾವನ ಮನೆತನದ ಕಟ್ಟಳೆಯಂತೆ! ಹಟ ಹಿಡಿದು ಅದನ್ನೇ ಅರ್ಜಿಯಲ್ಲಿ ಬರೆಸಿದರು.

ಅಷ್ಟಕ್ಕೇ ಮುಗಿಯಿತೇ? ಅಪೀಲು ಹಾಕುವ ಮುನ್ನ ಮಾಲೀಕರಿಗೆ ಹೇಳಿ ಬರಬೇಕೆಂದು ನನ್ನನ್ನೂ ಮಿಲ್ಲಿಗೆ ಎಳೆದೊಯ್ದರು. ಮಾಲೀಕರು ನಕ್ಕು ಚಹಾ ತರಿಸಿದರು. ಈ ಚಹಾ ಗಂಟಲಿಗಿಳಿದರೆ ಇನ್ನೊಂದು ವರ್ಷ ಹೋಯಿತಲ್ಲ! ಮಾವ ಕಪ್ಪನ್ನೇ ನೋಡುತ್ತ ಕುಳಿತರು. ಕೊನೆಗೆ ಮೆಲ್ಲಗೆ ಅತ್ತ ಸರಿಸಿ, "ಬ್ಯಾಡ್ರಿ. ಕುಡದ್ರ ಬಾಯಿ ಕಟ್ಟತೈತಿ" ಎಂದರು.

ಧಾರವಾಡದ ಕೋರ್ಟಿನಲ್ಲಿ ನ್ಯಾಯಾಧೀಶರು ಅರ್ಜಿ ಓದಿ ಮಾವನನ್ನೇ ಮುಂದೆ ಕರೆದರು.

"ವರ್ಷ ಕಾದದ್ದು ತಿಳಿಯಿತು. ಆಮೇಲಿನ ಆರು ತಿಂಗಳು ಏನು ಮಾಡ್ತಿದ್ರಿ?"

ವಕೀಲರು ಕಣ್ಣಲ್ಲೇ ಕಾಮಾಲೆ, ಕಾಮಾಲೆ ಎಂದು ಅಂಗಲಾಚಿದರು. ಮಾವ ಅತ್ತ ತಿರುಗಿಯೂ ನೋಡಲಿಲ್ಲ. ಇವರ ಸತ್ಯಕ್ಕಿಷ್ಟು ಬೆಂಕಿ ಬೀಳಲಿ, ಒಂದು ಸುಳ್ಳು ಹೇಳಿದರೆ ಗಂಟೇನು ಹೋಗುತ್ತಿತ್ತು!

"ಆಸೆ ಬಿಟ್ಟಿದ್ನಿರಿ ಸಾಹೇಬ್ರ," ಎಂದರು ಮಾವ. "ಇದ್ದ ಕೈಲೇ ನಡೀತೈತಿ ಅಂದ್ಕೊಂಡಿದ್ದೆ. ಒಂದಿನ ಬೆಟಗೇರಿ ಸಂತ್ಯಾಗ ಮೊಮ್ಮಗಳ ಕೈ ಈ ಬಲಗೈಲೇ ಹಿಡದು ರಸ್ತೆ ದಾಟಾಕತ್ತಿದ್ದೆ. ಹಿಡದೇನಿ ಅಂತನ ತಿಳಕೊಂಡಿದ್ದೆ. ಹೊಳ್ಳಿ ನೋಡಿದ್ರ ಕೂಸು ನಡು ರಸ್ತ್ಯಾಗ ನಿಂತಿತ್ರಿ, ಲಾರಿ ಮುಂದ. ದೇವ್ರು ದೊಡ್ಡಾಂವ, ಉಳೀತು. ಮರುದಿನನ ದವಾಖಾನಿಗೆ ಹೋದೆ."

ಈ ಸಂಗತಿ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನ್ಯಾಯಾಧೀಶರು ತಡ ಮನ್ನಿಸಿ ಅಪೀಲನ್ನು ವಿಚಾರಣೆಗೆ ತೆಗೆದುಕೊಂಡರು.

ಹೊರಗೆ ಹೆದ್ದಾರಿಯ ಅಂಚಿನಲ್ಲಿ ಮಾವ ಗಕ್ಕನೆ ನಿಂತರು. ನಾನು ಅವರ ಎಡಗೈ ಹಿಡಿಯಲು ಹೋದೆ. ಅವರು ಬಲಗೈಯನ್ನೇ ಮುಂದೆ ಮಾಡಿದರು.

"ನೀನ ಹಿಡಿಯಲೇ ತಮ್ಮಾ. ನಾ ಹಿಡದದ್ದು ನಿಲ್ಲೂದಿಲ್ಲ."